ಗದಗದಾಗ 2400 ಇಂಟರ್ನೆಟ್ ಕನೆಕ್ಷನ್, ಬಜೆಟ್ 4 ಲಕ್ಷ: ಕೋರ್ ರೂಟರ್ ಯಾವುದು ತಗೊಳ್ಳೋದ್ರಿ?

ಫೈಬರ್_ಗದಗ

ನಮಸ್ಕಾರ್ರಿ. ನಾವು ಮನಿಮನಿಗೆ ಇಂಟರ್ನೆಟ್ ಕೊಡೋರು; ಗದಗ-ಬೆಟಗೇರಿ ಮತ್ತ ಸುತ್ತಲಿನ ಹಳ್ಳಿ ಸೇರಿ 2400 ಪಿಪಿಪಿಒಇ (ಹೆಸರು-ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋ ಪದ್ಧತಿ) ಗ್ರಾಹಕರು. ರಾತ್ರಿ 9ಕ್ಕ ಪೀಕ್ 6 ಜಿಬಿಪಿಎಸ್. ಹುಬ್ಬಳ್ಳಿಯಿಂದ ಎರಡು ಅಪ್‌ಸ್ಟ್ರೀಮ್ (ನಮಗ ಇಂಟರ್ನೆಟ್ ಕೊಡೋ ಲಿಂಕ್), ತಲಾ 10 ಜಿ. ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಾಗ ನಮ್ಮ ಜಾಲದ ಗುರುತು), ಒಂದು /24 (256 ಐಪಿ ವಿಳಾಸ) ಐತಿ. ಈಗ ಬಿಜಿಪಿ (ಬ್ಯಾರೆ ಜಾಲಗಳ ಜತಿ ದಾರಿ ತಿಳಕೊಳ್ಳೋದು), ಪಿಪಿಪಿಒಇ, ನ್ಯಾಟ್ (ಒಂದ ಐಪಿ ಭಾಳ ಮಂದಿಗೆ ಹಂಚೋದು), ಕ್ಯೂ (ಗ್ರಾಹಕರ ವೇಗದ ಮಿತಿ) ಎಲ್ಲಾ ಒಂದ ಮೈಕ್ರೋಟಿಕ್ ಸಿಸಿಆರ್2004 ಮ್ಯಾಲೆ. ಪೀಕ್‌ನಾಗ ಪಿಂಗ್ 5ರಿಂದ 60 ಮಿಲಿಸೆಕೆಂಡಿಗೆ ಏರ್ತದ, ಆದ್ರ ಸಿಪಿಯು 70% ದಾಟಿಲ್ಲ. ಹಳೇ ಜುನಿಪರ್ ಎಂಎಕ್ಸ್204 ಅಥವಾ ಸಿಸ್ಕೊ ಎಎಸ್‌ಆರ್1001-ಎಕ್ಸ್ ನೋಡ್ಲೋ, ಹೊಸಾ ಸಿಸಿಆರ್2216 ತಗೊಳ್ಲೋ?

ರೂಟ್‌ಟೇಬಲ್_ಹುಬ್ಬಳ್ಳಿ

ಮೊದಲು ಆ 70% ಬಿಡ್ರಿ, ಅದು ಸರಾಸರಿ. ಸಿಸಿಆರ್2004ರಾಗ ಇರೋದು 4 ಕೋರ್; ಎರಡು ಕೋರ್ 100% ಮುಟ್ಟಿ ಉಳಿದೆರಡು 40%ರಾಗ ಇದ್ರೂ ಗ್ರಾಫ್ 70 ಅಂತನ ತೋರಸ್ತದ. ಟೂಲ್ಸ್ ಒಳಗ ಪ್ರೊಫೈಲ್ ತಗದು, ರಾತ್ರಿ 9ಕ್ಕ ಒಂದೊಂದ ಕೋರ್ ಬ್ಯಾರೆ ಬ್ಯಾರೆ ನೋಡ್ರಿ. ಪಿಂಗ್ ಏರೋದು ಅಲ್ಲೇ.

ನನ್ನ ಮಾತು ಇಷ್ಟ: ದೊಡ್ಡ ಪೆಟ್ಟಿಗಿ ಹುಡುಕಬ್ಯಾಡ್ರಿ, ಕೆಲಸ ಹಂಚ್ರಿ. ಸಿಸಿಆರ್2116 ಎರಡು ತಗೋರಿ. ಪಟ್ಟಿ ಬೆಲೆ ಒಂದಕ್ಕ ಸುಮಾರು 1000 ಡಾಲರ್. ಸುಂಕ, 18% ಜಿಎಸ್‌ಟಿ ಸೇರಿದ್ರೂ 4 ಲಕ್ಷದೊಳಗ ಎರಡೂ ಬರ್ತಾವ. ಪಿಪಿಪಿಒಇ, ನ್ಯಾಟ್, ಕ್ಯೂ ಮೂರೂ ಅವುಗಳ ಮ್ಯಾಲೆ, ತಲಾ 1200 ಗ್ರಾಹಕರು. ಈಗಿನ 2004 ಬರೇ ಬಿಜಿಪಿಗೆ ಇರ್ಲಿ. ಅದರಾಗ ಕನೆಕ್ಷನ್ ಟ್ರ್ಯಾಕಿಂಗ್ (ಒಂದೊಂದ ಕನೆಕ್ಷನ್ ಲೆಕ್ಕ ಇಡೋದು) ಪೂರ್ತಿ ಬಂದ್ ಮಾಡ್ರಿ. 6 ಜಿ ಅದಕ್ಕ ಭಾರ ಅಲ್ಲ.

2216ಕ್ಕ ರೊಕ್ಕ ಯಾಕ ಹಾಕಬಾರದು ಅಂದ್ರ, 2116ರಾಗ ಇರೋ 16 ಕೋರ್ ಸಿಪಿಯುನ ಅದರಾಗೂ ಐತಿ. ಹೆಚ್ಚಿನ ರೊಕ್ಕ ಹೋಗೋದು 25 ಜಿ, 100 ಜಿ ಪೋರ್ಟಿಗೆ ಮತ್ತ ದೊಡ್ಡ ಸ್ವಿಚ್ ಚಿಪ್ಪಿಗೆ. ಪಿಪಿಪಿಒಇ ಟ್ರಾಫಿಕ್ಕು ಆ ಚಿಪ್ಪಿನ ಮ್ಯಾಲೆ ಹೋಗಂಗಿಲ್ಲ, ಸಿಪಿಯುಗೇ ಬರ್ತದ.

ಫುಲ್ ಟೇಬಲ್ (ಇಡೀ ಇಂಟರ್ನೆಟ್‌ನ ರೂಟ್ ಪಟ್ಟಿ) ಸುದ್ದಿಗೂ ಹೋಗಬ್ಯಾಡ್ರಿ. ಐಪಿವಿ4 ರೂಟ್‌ಗಳ ಲೆಕ್ಕ ಈಗ 10 ಲಕ್ಷದ ಆಸುಪಾಸು ಐತಿ. ಎರಡೂ ಕಡೆಯಿಂದ ಡಿಫಾಲ್ಟ್ ರೂಟ್ (ಬ್ಯಾರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲಾ ಒಂದ ದಾರಿ) ಮತ್ತ ಅವರವರ ಸ್ವಂತ ಗ್ರಾಹಕರ ರೂಟ್ ಅಷ್ಟ ಕೇಳ್ರಿ.

ಓಎಲ್‌ಟಿ_ಹಾವೇರಿ

ಸೆಕೆಂಡ್ ಹ್ಯಾಂಡ್ ವಿಷಯಕ್ಕೆ: ಎಎಸ್‌ಆರ್1001-ಎಕ್ಸ್ ಥ್ರೂಪುಟ್ (ದಾಟಿಸಬಲ್ಲ ಟ್ರಾಫಿಕ್) 2.5 ಜಿಯಿಂದ 20 ಜಿವರೆಗೆ ಲೈಸೆನ್ಸಿನ ಮೇಲೆ ನಿಂತಿದೆ. ಅಗ್ಗಕ್ಕೆ ಸಿಗುವ ಪೆಟ್ಟಿಗೆಯಲ್ಲಿ 2.5 ಜಿ ಲೈಸೆನ್ಸ್ ಮಾತ್ರ ಇದ್ದರೆ ನಿಮ್ಮ 6 ಜಿ ಅದರಲ್ಲಿ ಹಿಡಿಸುವುದಿಲ್ಲ. ರೊಕ್ಕ ಕೊಡುವ ಮೊದಲು ಲೈಸೆನ್ಸ್ ಔಟ್‌ಪುಟ್ ತರಿಸಿ ನೋಡಿ. ಎಂಎಕ್ಸ್204 ಬಿಜಿಪಿಗೆ ಬಹಳ ಒಳ್ಳೆಯ ಪೆಟ್ಟಿಗೆ, ಆದರೆ ಸರ್ವಿಸ್ ಕಾರ್ಡ್ ಹಾಕಲು ಸ್ಲಾಟ್ ಇಲ್ಲ. ಸಿಜಿನ್ಯಾಟ್‌ಗೆ (ಸಾವಿರಾರು ಗ್ರಾಹಕರ ನ್ಯಾಟ್) ಮತ್ತೊಂದು ಯಂತ್ರ ಬೇಕೇ ಬೇಕು.

ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. 2021ರ ಜೂನ್ 15ರಿಂದ ಟೆಲಿಕಾಂ ಲೈಸೆನ್ಸ್ ಇರುವವರು ನೆಟ್‌ವರ್ಕಿಗೆ ಹೊಸದಾಗಿ ಜೋಡಿಸುವ ಸಾಧನ ವಿಶ್ವಾಸಾರ್ಹ ಮೂಲದ್ದು ಎಂದು ಟ್ರಸ್ಟೆಡ್ ಟೆಲಿಕಾಂ ಪೋರ್ಟಲ್‌ನಲ್ಲಿ ಒಪ್ಪಿಗೆ ಆಗಿರಬೇಕು. ಬಿಲ್ ಇಲ್ಲದ ಹಳೆಯ ಪೆಟ್ಟಿಗೆ ತಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಫೈಬರ್_ಗದಗ

ತಿಳೀತ್ರಿ, 2116 ಎರಡು. ಒಂದು ಸತ್ರ ಇನ್ನೊಂದು 2400 ಮಂದೀನ ಹೊರಬೇಕು. /24 ಹೆಂಗ ಹಂಚ್ಲಿ? ಮತ್ತ ಕರೆಂಟ್ ಹೋಗಿ ಬಂದ ಮ್ಯಾಲೆ ಎಲ್ಲಾರೂ ಲಾಗಿನ್ ಆಗೂದಕ್ಕ ಭಾಳ ಹೊತ್ತು ಹಿಡಿತದ.

ರೂಟ್‌ಟೇಬಲ್_ಹುಬ್ಬಳ್ಳಿ

ಒಂದೊಂದಕ್ಕ ಒಂದು /26, ಅಂದ್ರ 64 ಐಪಿ. ಗ್ರಾಹಕರಿಗೆ 100.64.0.0/10ರೊಳಗಿನ (ನ್ಯಾಟ್‌ಗಂತನ ಮೀಸಲಿಟ್ಟ) ವಿಳಾಸ ಕೊಡ್ರಿ. ಒಂದು ಐಪಿಗೆ 40 ಮಂದಿ, ಒಬ್ಬರಿಗೆ 1600 ಪೋರ್ಟ್ (ಕನೆಕ್ಷನ್ ಗುರುತಿಸೋ ನಂಬರ್, ಕೇಬಲ್ ಹಾಕೋ ಪೋರ್ಟ್ ಅಲ್ಲ): 1024ರ ಮ್ಯಾಲಿನ 64,512ರಾಗ 64,000 ಖರ್ಚು. 64×40 ಅಂದ್ರ 2560, ಒಂದರ ಮ್ಯಾಲೆ ಎಲ್ಲಾರೂ ಬಂದ್ರೂ ಹಿಡಸ್ತದ. ಪೋರ್ಟ್ ಹಿಂಗ ಗೊತ್ತುಮಾಡಿ ಹಂಚಿದ್ರ ಯಾವ ಐಪಿ-ಪೋರ್ಟ್ ಯಾರದಂತ ಹುಡುಕೋದು ಸಲೀಸು. ಲಾಗ್ 2 ವರ್ಷ ಇಡಬೇಕು ಅನ್ನೋದು ನೆನಪಿರ್ಲಿ. ಉಳಿದ ಎರಡು /26 ಸ್ಟ್ಯಾಟಿಕ್ ಐಪಿ ಗ್ರಾಹಕರಿಗೆ, ಸರ್ವರ್‌ಗೆ.

ಪೂಲ್ ಹಾಕಿದ ಕೂಡ್ಲೇ ಅದ /26ಕ್ಕ ಆ ರೂಟರಿನಾಗ ಬ್ಲ್ಯಾಕ್‌ಹೋಲ್ ರೂಟ್ (ಪ್ಯಾಕೆಟ್ ಅಲ್ಲೇ ಬಿಸಾಕೋ ದಾರಿ) ಹಾಕ್ರಿ. ಇಲ್ಲಾಂದ್ರ ಹೊರಗಿನ ಸ್ಕ್ಯಾನ್ ಪ್ಯಾಕೆಟ್ ಡಿಫಾಲ್ಟ್ ಹಿಡಿದು 2004ಕ್ಕ ತಿರುಗಿ ಹೋಗ್ತದ, ಅದು ಮತ್ತ ಇತ್ತ ಕಳಸ್ತದ. ಟಿಟಿಎಲ್ (ಎಷ್ಟು ರೂಟರ್ ದಾಟಬಹುದು ಅನ್ನೋ ಮಿತಿ) ಮುಗಿಯೋತನಕ ಒಂದ ಪ್ಯಾಕೆಟ್ ಹತ್ತಾರು ಸಲ ಲಿಂಕ್ ತಿಂತದ.

ಓಎಲ್‌ಟಿ_ಹಾವೇರಿ

ಕರೆಂಟಿನ ತಕರಾರಿಗೆ ಮೊದಲು ನ್ಯಾಟ್ ರೂಲ್ ನೋಡಿ. ಮಾಸ್ಕರೇಡ್ (ಇಂಟರ್‌ಫೇಸಿನ ಐಪಿಯನ್ನು ತಾನೇ ಹಿಡಿಯುವ ನ್ಯಾಟ್) ಇದ್ದರೆ ತೆಗೆದು ಎಸ್‌ಆರ್‌ಸಿ-ನ್ಯಾಟ್ (ಐಪಿ ನಾವೇ ಬರೆದುಕೊಡುವ ನ್ಯಾಟ್) ಹಾಕಿ. ಮಾಸ್ಕರೇಡ್ ಇಂಟರ್‌ಫೇಸ್ ಏರಿಳಿದಾಗೆಲ್ಲ ಕನೆಕ್ಷನ್‌ಗಳನ್ನು ತಡಕಾಡುತ್ತದೆ. ಸಾವಿರಾರು ಪಿಪಿಪಿಒಇ ಒಮ್ಮೆಗೇ ಎದ್ದಾಗ ಸಿಪಿಯು ಅದರಲ್ಲೇ ಮುಳುಗುತ್ತದೆ. ಆಮೇಲೆ ರೇಡಿಯಸ್ (ಲಾಗಿನ್ ಪರೀಕ್ಷಿಸುವ ಸರ್ವರ್) ಟೈಮ್‌ಔಟ್: ಡೀಫಾಲ್ಟ್ 300 ಮಿಲಿಸೆಕೆಂಡ್ ಇಂಥ ಹೊತ್ತಿಗೆ ಸಾಲದು, 3 ಸೆಕೆಂಡ್ ಮಾಡಿ. ಟೈಮ್‌ಔಟ್ ಆದವರು ಮತ್ತೆ ಮತ್ತೆ ಬಾಗಿಲು ಬಡಿಯುವುದರಿಂದಲೇ ಸಾಲು ಬೆಳೆಯುವುದು.

ಎರಡೂ ರೂಟರಿಗೆ ಎರಡೆರಡು ಪವರ್ ಸಪ್ಲೈ ಇವೆ. ಒಂದು ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಯುಪಿಎಸ್‌ಗೆ ಕೊಡಿ. ಎರಡನ್ನೂ ಒಂದೇ ಪವರ್ ಪಟ್ಟಿಗೆ ಚುಚ್ಚಿದರೆ ಇದ್ದೂ ಇಲ್ಲದಂತೆ. ಹುಬ್ಬಳ್ಳಿ ಲಿಂಕಿಗೆ 80 ಕಿ.ಮೀ. ಆಪ್ಟಿಕ್ (ಫೈಬರಿನಲ್ಲಿ ಬೆಳಕು ಕಳಿಸುವ ಮಾಡ್ಯೂಲ್) ಹಾಕುತ್ತಿದ್ದರೆ ರ‍್ಯಾಕಿನಲ್ಲಿ ಗಿಡ್ಡ ಪ್ಯಾಚ್ ಕಾರ್ಡಿನಿಂದ ಟೆಸ್ಟ್ ಮಾಡಬೇಡಿ. ನಡುವೆ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ತುಂಡು) ಇಲ್ಲದಿದ್ದರೆ ರಿಸೀವರ್ ಸುಡಬಹುದು.