ಸಹಾಯ ಬೇಕು: ತೊಟ್ಟಿಮನೆ ಮಾದರಿಯ ಫೈಲಿನಲ್ಲಿ ಹಳೇ ಪಾರ್ಟ್ ನಂಬರ್

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯ ತೊಟ್ಟಿಮನೆಯ ಲೆಗೊ ಮಾದರಿ ಇದು, ಫೈಲ್ ಹಳೇ ಎಲ್‌ಡ್ರಾದ್ದು (ಲೆಗೊ ಮಾದರಿಗಳನ್ನು ಕಂಪ್ಯೂಟರಿನಲ್ಲೇ ಕಟ್ಟುವ ವ್ಯವಸ್ಥೆ). ಮಾಡಿನ ಇಳಿಜಾರಿಗೆ 3037, 3039 ನಂಬರಿನ ಬಿಡಿಭಾಗಗಳಿವೆ; ಅವುಗಳದ್ದೇನೂ ತಕರಾರಿಲ್ಲ. ತೊಂದರೆ ಇರುವುದು ಬೇರೆ ಕೆಲವು ಬಿಡಿಭಾಗಗಳಲ್ಲಿ. ಎಲ್‌ಡ್ರಾದ ಹೊಸ ಬಿಡಿಭಾಗ ಲೈಬ್ರರಿಯಲ್ಲಿ ಅವುಗಳ ಫೈಲ್ ತೆರೆದರೆ ಮೊದಲ ಸಾಲಿನಲ್ಲೇ 'ಮೂವ್ಡ್ ಟು' ಎಂದು ಹೊಸ ನಂಬರ್ ಬರೆದಿದೆ.

ನೋಟ್‌ಪ್ಯಾಡಿನಲ್ಲಿ ನಂಬರ್ ಹುಡುಕಿ ಬದಲಿಸಿದರೆ ಆಯಿತಲ್ಲ ಅನ್ನಬೇಡಿ. ಮೂವ್ಡ್ ಫೈಲಿನೊಳಗೆ '1 16' ಎಂದು ಶುರುವಾಗಿ ಹೊಸ ಭಾಗವನ್ನು ಕರೆಯುವ ಸಾಲೊಂದು ಇರುತ್ತದೆ. ಅದರಲ್ಲಿ ಸ್ಥಾನದ 3 ಅಂಕಿ, ತಿರುವಿನ 9 ಅಂಕಿ. ಹೆಚ್ಚಿನವುಗಳಲ್ಲಿ ಸ್ಥಾನ ಸೊನ್ನೆ, ತಿರುವೂ ಇಲ್ಲ. ಆದರೆ ಮೂಲಬಿಂದು ಬದಲಾದ ಭಾಗಗಳಲ್ಲಿ ಹಾಗಲ್ಲ. ಬರೀ ಹೆಸರು ಬದಲಿಸಿದರೆ ಭಾಗ 8 ಎಲ್‌ಡ್ರಾ ಯೂನಿಟ್, ಅಂದರೆ ಒಂದು ಪ್ಲೇಟ್ ದಪ್ಪ, ಮೇಲೆ ಕೂರಬಹುದು. ಇಲ್ಲವೇ 90 ಡಿಗ್ರಿ ತಿರುಗಿ ಜಗಲಿಕಂಬದ ಒಳಗೇ ಹೊಕ್ಕಿರಬಹುದು!

ಕೇಳುವುದು ಎರಡು. ಆ ತಿರುವು, ಸ್ಥಾನ ಎರಡನ್ನೂ ಮೂಲ ಸಾಲಿಗೆ ಗುಣಿಸಿ ಸೇರಿಸಿಕೊಂಡೇ ನಂಬರ್ ಬದಲಿಸುವ ಸ್ಕ್ರಿಪ್ಟ್ ಯಾರ ಬಳಿಯಾದರೂ ಇದೆಯೇ? ಒಂದೇ ಫೈಲಿನೊಳಗೆ ಹಲವು ಸಬ್‌ಮಾಡೆಲ್‌ಗಳಿರುವ ಎಂಪಿಡಿ ಫೈಲಿಗೂ ನಡೆಯಬೇಕು.

ಇನ್ನೊಂದು, ಅಂಗಳದ 1×2 ಟೈಲ್. ಫೈಲಿನಲ್ಲಿ 3069ಎ ಇದೆ, ಅದಕ್ಕೆ ತಳದ ಅಂಚಿನಲ್ಲಿ ತೋಡು (ಗ್ರೂವ್) ಇಲ್ಲ. ಕೊಳ್ಳಲು ಸುಲಭವಾಗಿ ಸಿಗುವುದು ತೋಡು ಇರುವ 3069ಬಿ. ಮೇಲಿನಿಂದ ಎರಡೂ ಒಂದೇ, ಹಾಗಾಗಿ ಬದಲಿಸೋಣ ಅಂತಿದೆ. ಬಣ್ಣವೂ ಹಾಗೆಯೇ: ಕಂಬಗಳಿಗೆ ಸಂಕೇತ 6ರ ಹಳೇ ಕಂದು ಇದೆ, ಅದನ್ನು 70ಕ್ಕೆ, ಅಂದರೆ ಕೆಂಪು ಛಾಯೆಯ ಕಂದಿಗೆ, ಬದಲಿಸಿದರೆ ಸಾಕಲ್ಲವೇ? ಶಿವಮೊಗ್ಗದವರು ಯಾರಾದರೂ ಎರಡೂ ಕಂದು ಪಕ್ಕಪಕ್ಕ ಇಟ್ಟು ಫೋಟೊ ಹಾಕಿದರೆ ಉಪಕಾರ.