ಪದಚರ್ಚೆ: ‘ಬೈಂಡಿಂಗ್ ಈವೆಂಟ್’ಗೆ ‘ಬಂಧನ ಘಟನೆ’ ಹೊಂದುತ್ತದೆಯೇ?

ಪ್ರಶ್ನೆ:

ಬೆಳಕಿನ ನೆರವಿನಿಂದ ಒಂದೊಂದೇ ಅಣುವನ್ನು ಗುರುತಿಸುವ ಬಯೋಸೆನ್ಸರುಗಳ ಬಗ್ಗೆ ಬರೆಯುವಾಗ ‘ಬೈಂಡಿಂಗ್ ಈವೆಂಟ್’, ‘ಡ್ವೆಲ್ ಟೈಮ್’, ‘ನಾನ್‌ಸ್ಪೆಸಿಫಿಕ್ ಬೈಂಡಿಂಗ್’, ‘ರಿಯಲ್ ಟೈಮ್’ ಇವಕ್ಕೆ ಸರಿಯಾದ ಮಾತು ಸಿಗುತ್ತಿಲ್ಲ. ಕರಡಿನ ಸಾಲು ಹೀಗಿದೆ: ‘ಚಿನ್ನದ ನ್ಯಾನೋಕಡ್ಡಿಯ ಮೇಲಿನ ಏಕಾಣು ಬಂಧನ ಘಟನೆಗಳನ್ನು ನೈಜ ಸಮಯದಲ್ಲಿ ಪತ್ತೆಹಚ್ಚಲಾಯಿತು.’ ವ್ಯಾಕರಣ ತಪ್ಪಿಲ್ಲ. ಆದರೆ ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಏನು ಬದಲಿಸಬೇಕು?

ಉತ್ತರ:

‘ಬಂಧನ’ ಎಂದೊಡನೆ ಓದುಗರಿಗೆ ಹೊಳೆಯುವುದು ಸೆರೆ. ಅದರ ಪಕ್ಕದಲ್ಲಿ ‘ಘಟನೆ’, ‘ಪತ್ತೆ’ ಬಂದರೆ ಆ ಅರ್ಥ ಇನ್ನೂ ಗಟ್ಟಿಯಾಗುತ್ತದೆ. ರಸಾಯನದ ಪಠ್ಯಗಳಲ್ಲಿ ‘ಬಂಧ’ವು ಬಾಂಡ್‌ಗೆ ನಿಂತುಬಿಟ್ಟಿದೆ. ಪ್ರೋಟೀನಿನ ಹತ್ತಿರ ಒಂದು ಅಣು ಬಂದು, ದುರ್ಬಲ ಸೆಳೆತಗಳಿಂದ ಸ್ವಲ್ಪ ಹೊತ್ತು ನಿಂತು, ಹೊರಟುಹೋಗುವುದು ಆ ಬಗೆಯದಲ್ಲ.

ಪದ ಆರಿಸುವ ಮೊದಲು ಇಂಥ ಬಯೋಸೆನ್ಸರಿನ ಪರದೆಯ ಮೇಲೆ ಮೂಡುವ ಗೆರೆಯನ್ನು ನೋಡಿ. ಆಪ್ಟಿಕಲ್ ಫೈಬರಿನ ತುದಿ ಕರಗಿಸಿ ಮಾಡಿದ, ಸುಮಾರು 100 ಮೈಕ್ರೋಮೀಟರ್ ಅಗಲದ ಗಾಜಿನ ಮಣಿ. ಅದರ ಒಳಗೋಡೆಗೆ ತಾಗಿಕೊಂಡೇ ಬೆಳಕು ಸುತ್ತುತ್ತಿರುತ್ತದೆ. ಮಣಿಯ ಹೊರಗಿನ ನೀರಿಗೆ ಅದು ಚಾಚುವುದು ಒಂದೆರಡು ನೂರು ನ್ಯಾನೋಮೀಟರ್ ಮಾತ್ರ. ಮಣಿಗೆ ಅಂಟಿಸಿದ, ಸುಮಾರು 40 ನ್ಯಾನೋಮೀಟರ್ ಉದ್ದದ ಚಿನ್ನದ ಕಡ್ಡಿಯ ತುದಿಯಲ್ಲಿ ಈ ಬೆಳಕು ಒತ್ತಾಗುತ್ತದೆ. ಅಲ್ಲಿಗೆ ಒಂದು ಅಣು ಬಂದರೆ, ಅದರ ವಕ್ರೀಭವನಾಂಕ (ಬೆಳಕನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬ ಅಳತೆ) ನೀರಿಗಿಂತ ಹೆಚ್ಚಿರುವುದರಿಂದ, ಮಣಿಯ ಅನುರಣನದ ತರಂಗಾಂತರ, ಅಂದರೆ ಮಣಿಯೊಳಗೆ ಸುತ್ತಿ ಬಲಗೊಳ್ಳುವ ಬೆಳಕಿನ ತರಂಗಾಂತರ, ಕೆಂಪಿನ ಕಡೆಗೆ ಕೂದಲೆಳೆಯಷ್ಟು ಸರಿಯುತ್ತದೆ. ಅಳೆಯುವುದು ಫೆಮ್ಟೋಮೀಟರಿನಲ್ಲಿ, ಅಂದರೆ ನ್ಯಾನೋಮೀಟರಿನ 10 ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. 2014ರಲ್ಲಿ ಈ ಬಗೆಯ ಏರ್ಪಾಡಿನಿಂದಲೇ, ಬಣ್ಣದ ಗುರುತು ಹಚ್ಚದ ಡಿಎನ್‌ಎ ಎಳೆಗಳನ್ನು ಒಂದೊಂದಾಗಿ ಕಂಡರು. ತರಂಗಾಂತರ ಹೊತ್ತು ಹೊತ್ತಿಗೆ ಎಷ್ಟು ಸರಿಯಿತು ಎಂದು ತೋರಿಸುವುದೇ ಪರದೆಯ ಗೆರೆ. ಅಣು ಬಂದು ಹೋದರೆ ಅದರಲ್ಲಿ ಒಂದು ಮೊನೆ ಮೂಡುತ್ತದೆ. ಬಂದದ್ದು ಹೋಗದಿದ್ದರೆ ಒಂದು ಮೆಟ್ಟಿಲು.

ಈ ಬಂದು ಹೋಗುವಿಕೆಗೆ ಒಂದು ಜೋಡಿ ಕ್ರಿಯಾಪದ ಬೇಕು. ನನ್ನ ಆಯ್ಕೆ ‘ಕೂಡಿಕೊಳ್ಳು – ಕಳಚಿಕೊಳ್ಳು’. ಇದರಿಂದ ‘ಕೂಡಿಕೆ’ ಎಂಬ ನಾಮಪದ ಸಿಗುತ್ತದೆ, ಅದನ್ನು ಎಣಿಸಲೂಬಹುದು: ‘ಒಂದು ನಿಮಿಷದಲ್ಲಿ 6 ಕೂಡಿಕೆ’. ಹಾಗಾಗಿ ‘ಘಟನೆ’ಯ ಹಂಗೇ ಬೇಡ. ‘ಬಂಧನ’ದ ಎದುರುಪದವಾಗಿ ‘ಬಿಡುಗಡೆ’ ತಂದರೆ ಮತ್ತೆ ಸೆರೆಮನೆಯ ಬಾಗಿಲಿಗೇ ಬರುತ್ತೇವೆ.

‘ಡ್ವೆಲ್ ಟೈಮ್’ ಎಂದರೆ ಅಣು ಕೂಡಿಕೊಂಡಿರುವಷ್ಟು ಹೊತ್ತು. ಅದಕ್ಕೆ ‘ವಾಸದ ಅವಧಿ’ ಎಂದು ಬರೆದದ್ದು ಕಂಡಿದ್ದೇನೆ. ಅದು ಮನೆ ಮಾಡಿಕೊಂಡಂತೆ ಕೇಳುತ್ತದೆ. ‘ತಂಗುಹೊತ್ತು’ ಚೆನ್ನ. ತಂಗುವುದು ಎಂದರೇ ಮುಂದೆ ಹೊರಡುವುದು ಇದೆ ಎಂದರ್ಥ. ಲೆಕ್ಕದಲ್ಲಿಟ್ಟು ನೋಡಿ: ಕಳಚುವ ದರ ಸೆಕೆಂಡಿಗೆ 0.5 ಆದರೆ ಸರಾಸರಿ ತಂಗುಹೊತ್ತು 2 ಸೆಕೆಂಡ್. ಕೂಡುವ ದರಾಂಕ ಮೋಲಾರಿಗೆ (ಇದು ದ್ರಾವಣದ ಸಾಂದ್ರತೆಯ ಅಳತೆ), ಸೆಕೆಂಡಿಗೆ 10 ಲಕ್ಷ ಇದ್ದು, ದ್ರಾವಣ 100 ನ್ಯಾನೋಮೋಲಾರ್ ಇದ್ದರೆ, ಖಾಲಿ ಜಾಗಕ್ಕೆ ಮುಂದಿನ ಅಣು ಬರಲು ಸರಾಸರಿ 10 ಸೆಕೆಂಡ್ ಕಾಯಬೇಕು. ಆ ಜಾಗ 12 ಸೆಕೆಂಡಿನಲ್ಲಿ 2 ಸೆಕೆಂಡ್ ತುಂಬಿರುತ್ತದೆ. ಕಳಚುವ ದರವನ್ನು ಕೂಡುವ ದರಾಂಕದಿಂದ ಭಾಗಿಸಿದರೆ 500 ನ್ಯಾನೋಮೋಲಾರ್. ಅಷ್ಟು ಸಾಂದ್ರತೆಯಲ್ಲಿ ಅದು ಅರ್ಧ ಹೊತ್ತು ತುಂಬಿರುತ್ತದೆ. ಸಾಂದ್ರತೆ ಏರಿಸಿದರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ, ತಂಗುಹೊತ್ತು ಬದಲಾಗುವುದಿಲ್ಲ. ಬದಲಾದರೆ, ಒಂದರ ಬೆನ್ನಿಗೆ ಬಂದ ಎರಡು ಕೂಡಿಕೆಗಳನ್ನು ಒಂದೇ ಎಂದು ಎಣಿಸುತ್ತಿರಬಹುದು.

‘ನಾನ್‌ಸ್ಪೆಸಿಫಿಕ್’ಗೆ ‘ಅನಿರ್ದಿಷ್ಟ ಬಂಧನ’ ಬೇಡ. ತನ್ನ ಜೋಡಿ ಅಲ್ಲದ ಕಡೆ, ಗಾಜಿಗೋ ಚಿನ್ನಕ್ಕೋ, ಹತ್ತಿಕೊಳ್ಳುವುದಕ್ಕೆ ‘ಅಂಟು’ ಎನ್ನಿ. ಜೋಡಿಗೆ ‘ಕೂಡು’, ಮೇಲ್ಮೈಗೆ ‘ಅಂಟು’ ಎಂದು ಬಿಗಿಯಾಗಿ ಬೇರೆಯಿಟ್ಟರೆ ಅರ್ಧ ಗೊಂದಲ ತೀರುತ್ತದೆ. ಪ್ರಯೋಗದಲ್ಲೂ ಇದೇ ದೊಡ್ಡ ತಲೆನೋವು. ಮೇಲ್ಮೈಯನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನಿಂದ ಅಥವಾ ಅಲ್ಬುಮಿನ್ ಎಂಬ ಪ್ರೋಟೀನಿನಿಂದ ಮುಚ್ಚದಿದ್ದರೆ ಅಂಟಿದ್ದೂ ಮೊನೆಯಾಗಿ ಕಾಣುತ್ತದೆ. ಗ್ರಾಹಕ ಅಣು (ಬರುವ ಅಣುವಿನ ಜೋಡಿಯಾಗಿ ಮೇಲ್ಮೈಯಲ್ಲಿ ನಿಲ್ಲಿಸಿದ ಅಣು) ಇಲ್ಲದ ಮಣಿಯಲ್ಲೂ ಅಷ್ಟೇ ಮೊನೆಗಳು ಬಂದರೆ ಅವು ಕೂಡಿಕೆಗಳಲ್ಲ.

ಅಣುವಿಗೆ ಪ್ರತಿದೀಪಕ ಬಣ್ಣ (ಲೇಸರ್ ಬಿದ್ದಾಗ ತಾನೇ ಬೆಳಕು ಸೂಸುವ ಬಣ್ಣ) ಹಚ್ಚಿ, ಅದನ್ನು ಹೊಳೆಯುವ ಚುಕ್ಕೆಯಾಗಿ ನೋಡುವ ವಿಧಾನದಲ್ಲಿ ಇನ್ನೊಂದು ಎಚ್ಚರ ಬೇಕು. ಚುಕ್ಕೆ ಮಾಯವಾದ ಮಾತ್ರಕ್ಕೆ ‘ಕಳಚಿತು’ ಎಂದು ಬರೆಯಬೇಡಿ, ಬಣ್ಣವೇ ಸತ್ತಿರಬಹುದು. ಲೇಸರಿನ ಬಲ ಹೆಚ್ಚಿಸಿದಾಗ ತಂಗುಹೊತ್ತು ಕುಗ್ಗಿದರೆ ಅದು ಬಣ್ಣದ ಸಾವಿನ ಗುರುತು. ಇದಕ್ಕೆ ‘ಮಾಸು’ ಎನ್ನುವವರಿದ್ದಾರೆ. ಸಾವಿರಾರು ಅಣುಗಳ ಗುಂಪಿನ ಹೊಳಪು ನಿಧಾನಕ್ಕೆ ಇಳಿಯುವುದರಿಂದ ಅಲ್ಲಿ ‘ಮಾಸು’ ಸರಿ. ಒಂದೇ ಅಣುವಿನ ಬೆಳಕು ಮಾಸುವುದಿಲ್ಲ, ಒಮ್ಮೆಲೇ ಆರುತ್ತದೆ. ಅಲ್ಲಿ ‘ಆರು’ ಎನ್ನುವುದೇ ನಿಜ.

‘ನೈಜ ಸಮಯ’ದಲ್ಲಿ ‘ನೈಜ’ಕ್ಕೆ ಕೆಲಸವಿಲ್ಲ, ಸುಳ್ಳು ಸಮಯ ಎಂಬುದಿಲ್ಲವಲ್ಲ. ‘ನಡೆಯುತ್ತಿದ್ದಂತೆಯೇ’ ಎನ್ನಿ. ಜೊತೆಗೆ ಎಷ್ಟು ಹೊತ್ತಿಗೊಮ್ಮೆ ಓದಿದಿರಿ ಎಂಬುದನ್ನೂ ಬರೆಯಿರಿ. 20 ಮಿಲಿಸೆಕೆಂಡಿಗೊಮ್ಮೆ ಓದುವ ಉಪಕರಣಕ್ಕೆ 5 ಮಿಲಿಸೆಕೆಂಡಿನ ಕೂಡಿಕೆಗಳು ಬಹುಪಾಲು ತಪ್ಪಿಹೋಗುತ್ತವೆ.

ನಿಮ್ಮ ಸಾಲು: ‘ಚಿನ್ನದ ನ್ಯಾನೋಕಡ್ಡಿಯ ತುದಿಯಲ್ಲಿ ಅಣುಗಳು ಒಂದೊಂದಾಗಿ ಕೂಡಿಕೊಂಡು ಕಳಚಿಕೊಳ್ಳುವುದನ್ನು, ನಡೆಯುತ್ತಿದ್ದಂತೆಯೇ, 20 ಮಿಲಿಸೆಕೆಂಡಿಗೊಮ್ಮೆ ದಾಖಲಿಸಿದೆವು.’ ‘ಏಕಾಣು’ ಕೈಬಿಟ್ಟಿದ್ದೇನೆ. ಅಲ್ಲಿ ಅಣು ಒಂದೇ ಇದೆ ಎಂದಲ್ಲ, ಒಂದೊಂದನ್ನೇ ಎಣಿಸುತ್ತೇವೆ ಎಂದು. ‘ಅಣುಬಾಂಬಿ’ನ ಅಣು ಪರಮಾಣುವಾಗಿರುವುದರಿಂದ, ಮೊದಲ ಸಲ ಬಂದಾಗ ‘ಪ್ರೋಟೀನಿನ ಅಣು’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಮರುಪ್ರಶ್ನೆ:

‘ಕೂಡುವುದು’ ಸಂಕಲನವೂ ಹೌದಲ್ಲ? ಮತ್ತೆ, ‘ಬಂಧ’ವನ್ನು ಎಲ್ಲೂ ಬಳಸಲೇಬಾರದೇ?

ಉತ್ತರ:

‘ಪ್ರೋಟೀನಿನೊಂದಿಗೆ ಕೂಡಿಕೊಂಡಿತು’ ಎಂದರೆ ಯಾರೂ ಸಂಕಲನ ಎಂದುಕೊಳ್ಳುವುದಿಲ್ಲ. ‘ಕೊಳ್ಳು’ ಸೇರಿಸುವುದು ಅದಕ್ಕೇ. ‘ಬಂಧ’ಕ್ಕೂ ಇಲ್ಲೇ ಜಾಗವಿದೆ. ಗ್ರಾಹಕ ಅಣುವನ್ನು ಚಿನ್ನಕ್ಕೆ ನಿಲ್ಲಿಸಲು ಅದರ ತುದಿಗೆ ಥಯೋಲ್ ಎಂಬ ಗಂಧಕದ ಗುಂಪನ್ನು ಕಟ್ಟುತ್ತಾರೆ. ಗಂಧಕಕ್ಕೂ ಚಿನ್ನಕ್ಕೂ ಆಗುವುದು ಬಂಧವೇ. ಬಯೋಟಿನ್ ಎಂಬ ವಿಟಮಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಜೋಡಿ ಗಂಟೆಗಟ್ಟಲೆ ಬಿಡದೆ ಮೆಟ್ಟಿಲನ್ನೇ ತೋರಿಸಿದರೂ ಅದು ಕೂಡಿಕೆಯೇ. ಎಷ್ಟು ಹೊತ್ತು ತಂಗಿತು ಎಂಬುದರಿಂದ ಹೆಸರು ಬದಲಾಗದು.