ಕಾಲೇಜಿನೋರು ಮಕ್ಕಳಿಗೆ ಏನು ಉತ್ತರ ಕೊಟ್ರು ಅನ್ನೋದನ್ನೂ ನೋಡಿ ಸೇರಿಸ್ರಿ

ಎಲ್ರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಅಮೆರಿಕದಿಂದ ದಾವಣಗೆರೆಗೆ ಅಪ್ಪನ ಮನೆಗೆ ಬಂದಿದೀವಿ, ಅಲ್ಲಿಂದಾನೇ ಬರೀತಿದೀನಿ. ಮೊನ್ನೆ ಗುಂಪಲ್ಲಿ ಒಬ್ರು ಕೇಳಿದ್ರಲ್ಲ, ಮಗ ಈ ವರ್ಷ ಅಮೆರಿಕದಲ್ಲಿ ಕಾಲೇಜಿಗೆ ಅಪ್ಲೈ ಮಾಡ್ತಿದಾನೆ, ಗಾಜಾ ಯುದ್ಧದ ವಿಷಯಕ್ಕೆ ವಿದ್ಯಾರ್ಥಿಗಳು ಟೆಂಟ್ ಹಾಕಿ ಹೋರಾಟ ಮಾಡಿದ ಕಾಲೇಜುಗಳನ್ನೆಲ್ಲ ಲಿಸ್ಟಿಂದ ತೆಗೆದುಬಿಡ್ಲಾ ಅಂತ. ಮುಕ್ಕಾಲು ಜನ "ತೆಗೀರಿ ಸಾರ್, ನಾವು ಕಳ್ಸೋದು ಓದೋಕೆ, ಟೆಂಟ್ ಹಾಕೋಕಲ್ಲ" ಅಂತಾನೇ ಬರೆದಿದ್ರು. ನನಗೆ ಇದು ಒಪ್ಪಿಗೆ ಇಲ್ಲ. ಹಂಗೆ ತೆಗೀತಾ ಹೋದ್ರೆ ಒಳ್ಳೆ ಕಾಲೇಜು ಒಂದೂ ಉಳಿಯಲ್ಲ, ಆಮೇಲೆ ಇವತ್ತು ಗಲಾಟೆ ಇಲ್ಲದ ಕಡೆ ನಾಳೆ ಆಗಲ್ಲ ಅಂತ ಯಾರು ಬರೆದುಕೊಟ್ಟಾರೆ? ಮಕ್ಕಳು ಬೇಡಿಕೆ ಇಟ್ಕೊಂಡು ಬಂದಾಗ ಆಡಳಿತದೋರು ಹೆಂಗೆ ನಡ್ಕೊಂಡ್ರು, ನಾವು ನೋಡ್ಬೇಕಾದ್ದು ಅದನ್ನ.

ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. 2024ರ ವಸಂತದಲ್ಲಿ ನಮ್ಮ ಮಗಳ ಕ್ಯಾಂಪಸ್‌ನಲ್ಲೂ ಟೆಂಟ್ ಎದ್ದಿದ್ವು, ಅವಳು ಅಲ್ಲಿ ಮಲಗ್ತಿರ್ಲಿಲ್ಲ ಆದ್ರೆ ಊಟ ನೀರು ಒಯ್ದು ಕೊಡ್ತಿದ್ಲು, ಅಷ್ಟಕ್ಕೇ ಒಂದಿನ ವಿದ್ಯಾರ್ಥಿಗಳ ಶಿಸ್ತು ನೋಡೋ ಸ್ಟೂಡೆಂಟ್ ಕಂಡಕ್ಟ್ ಆಫೀಸಿಂದ ಮೇಲ್ ಬಂತು, ವಿಚಾರಣೆ ಮುಗಿಯೋ ತನಕ ತಾತ್ಕಾಲಿಕ ಸಸ್ಪೆನ್ಷನ್ ಅಂತ. ಮಧ್ಯಾಹ್ನ ಊಟಕ್ಕೆ ಹೋದ್ರೆ ಐಡಿ ಕಾರ್ಡ್ ತಗೊಳ್ತಿಲ್ಲ, ಡೈನಿಂಗ್ ಹಾಲ್ ಬಾಗಿಲಲ್ಲಿ ಕೆಂಪು ಲೈಟು. ನಾನು ಫೋನ್ ಮಾಡಿದ್ರೆ "ನಿಮ್ಮ ಮಗಳಿಗೆ 18 ದಾಟಿದೆ, ಅವಳ ಒಪ್ಪಿಗೆ ಇಲ್ಲದೆ ಏನೂ ಹೇಳಂಗಿಲ್ಲ" ಅಂದ್ರು. ಅದು ಅಮೆರಿಕದ 1974ರ ಕಾಯ್ದೆ, ಫರ್ಪಾ ಅಂತಾರೆ, ಕಾಲೇಜಿಗೆ ಸೇರಿದ ಮೇಲೆ ದಾಖಲೆ ಮೇಲಿನ ಹಕ್ಕು ಮಗುವಿಂದು, ಫೀಸು ನಾವೇ ಕಟ್ಟಿದ್ರೂ. ಕಾಲೇಜಿಗೆ ಬಿಡೋ ದಿನಾನೇ ಒಪ್ಪಿಗೆ ಫಾರಂಗೆ ಸಹಿ ಹಾಕಿಸ್ಕೊಳ್ಳೋದು ಒಳ್ಳೇದು, ಮಗು ಒಪ್ಪಿದ್ರೆ ಮಾತ್ರ.

ನಾನೂ ಮನೆಯವ್ರೂ ಅವತ್ತು ಗಾಬರಿ ಬಿದ್ದಿದ್ವಿ, ಸರಿಯಾದ ಮಾತು ಆಡಿದ್ದು ನಮ್ಮಪ್ಪ. ಅವ್ರು ಇಲ್ಲಿ ಕಾಟನ್ ಮಿಲ್ಲಲ್ಲಿ ದುಡಿದೋರು, ಯೂನಿಯನ್ ಮೀಟಿಂಗಲ್ಲಿ ಕೂತೋರು. ಮಗಳು ವಿಡಿಯೋ ಕಾಲಲ್ಲಿ ಆ ಮೇಲ್ ಓದಿ ಕನ್ನಡದಲ್ಲಿ ಹೇಳಿದ್ಲು, ಅಪ್ಪ ಕನ್ನಡಕ ಹಣೆ ಮೇಲೇರಿಸಿ ಕೇಳಿಸ್ಕೊಂಡು, ಬೈಲಿಲ್ಲ, ಯಾಕೆ ಹೋಗಿದ್ದೆ ಅಂತ್ಲೂ ಕೇಳ್ಲಿಲ್ಲ. "ಆಡಳಿತದೋರು ಮಾತಿಗೆ ಕರ್ದಾರಾ? ಏನು ಒಪ್ಪಿದ್ರು ಅಂತ ಬರೆದು ಕೊಟ್ಟಾರಾ? ಅದರಾಗೆ ತಾರೀಕು ಐತಾ? ಹುಡುಗರ ಮ್ಯಾಲಿನ ಕೇಸು ವಾಪಸ್ ತಗಂತೀವಿ ಅಂದಾರಾ?" ಇಷ್ಟು ಕೇಳಿದ್ರು. ಆಮೇಲೆ ಯಾವ ಯೂನಿವರ್ಸಿಟಿ ಸುದ್ದಿ ಓದಿದ್ರೂ ನಾನು ಇವನ್ನೇ ಇಟ್ಕೊಂಡು ಓದೋದು.

ಬೇಡಿಕೆಗಳು ಹೆಚ್ಚೂಕಮ್ಮಿ ಎಲ್ಲಾ ಕಡೆ ಒಂದೇ ಇದ್ವು. ಯೂನಿವರ್ಸಿಟಿ ದುಡ್ಡು ಎಲ್ಲೆಲ್ಲಿ ಹೂಡಿದೀರಿ ಬಹಿರಂಗ ಮಾಡಿ, ಇಸ್ರೇಲ್‌ಗೆ ಮತ್ತೆ ಶಸ್ತ್ರಾಸ್ತ್ರಕ್ಕೆ ಸಂಬಂಧಪಟ್ಟ ಕಂಪನಿಗಳಿಂದ ಆ ದುಡ್ಡು ವಾಪಸ್ ತೆಗೀರಿ, ಇಸ್ರೇಲಿನ ಯೂನಿವರ್ಸಿಟಿಗಳ ಜೊತೆ ಒಪ್ಪಂದ ಬಿಡಿ, ಹೋರಾಟ ಮಾಡಿದೋರ ಮೇಲೆ ಕ್ರಮ ಬೇಡ.

ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿ ಕತೆ ಎಲ್ರಿಗೂ ಗೊತ್ತು. 2024 ಏಪ್ರಿಲ್ 17ಕ್ಕೆ ಟೆಂಟ್ ಬಿತ್ತು, ಮಾರನೇ ದಿನಾನೇ ಅಧ್ಯಕ್ಷೆ ಮಿನೂಷ್ ಶಫೀಕ್ ನ್ಯೂಯಾರ್ಕ್ ಪೊಲೀಸ್ರನ್ನ ಕರೆಸಿದ್ರು, ನೂರಕ್ಕೂ ಹೆಚ್ಚು ಜನ ಅರೆಸ್ಟ್. ಅದರಿಂದ ತಣ್ಣಗಾಯ್ತಾ? ಇನ್ನೂ ಹೊತ್ಕೊಂಡಿತು, ದೇಶದ ತುಂಬ ಟೆಂಟ್ ಎದ್ವು, ಕೊಲಂಬಿಯಾ ಹುಡುಗ್ರು ಕ್ಯಾಂಪಸ್‌ನ ಹ್ಯಾಮಿಲ್ಟನ್ ಹಾಲ್ ಕಟ್ಟಡದೊಳಗೆ ಸೇರ್ಕೊಂಡ್ರು, ಏಪ್ರಿಲ್ 30ರ ರಾತ್ರಿ ಮತ್ತೆ ಪೊಲೀಸ್, ಕೊನೆಗೆ ದೊಡ್ಡ ಪದವಿ ಸಮಾರಂಭಾನೇ ರದ್ದು, ಆಗಸ್ಟ್‌ನಲ್ಲಿ ಅಧ್ಯಕ್ಷೆ ರಾಜೀನಾಮೆ. ಮಾತುಕತೆ ನಡೀಲೇ ಇಲ್ಲ ಅಂತಲ್ಲ, ನಡೀತು, ಆದ್ರೆ ಮೊದಲು ಪೊಲೀಸ್ ಕರೆಸಿ ಆಮೇಲೆ ಮಾತಿಗೆ ಕೂತ್ರೆ ಯಾವ ಹುಡುಗ ನಂಬ್ತಾನೆ ಹೇಳಿ.

ಅದೇ ಏಪ್ರಿಲ್ 30ಕ್ಕೆ ಬ್ರೌನ್ ಯೂನಿವರ್ಸಿಟಿಯಲ್ಲಿ ಬೇರೆ ತರ ಆಯ್ತು. ಟೆಂಟ್ ತೆಗೀರಿ, ಹೂಡಿಕೆ ವಾಪಸ್ ತೆಗೆಯೋ ನಿಮ್ಮ ಪ್ರಸ್ತಾಪಾನ ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿ ಮುಂದೆ ವೋಟಿಗೆ ಹಾಕ್ತೀವಿ ಅಂತ ಬರವಣಿಗೆಯಲ್ಲಿ ಕೊಟ್ರು, ಅದಕ್ಕೂ ಮುಂಚೆ ಮೇನಲ್ಲಿ 5 ವಿದ್ಯಾರ್ಥಿಗಳು ಮಂಡಳಿಯೋರ ಮುಂದೆ ತಮ್ಮ ವಾದ ಇಡೋಕೆ ಅವಕಾಶ. ಹೇಳಿದಂಗೆ ಅಕ್ಟೋಬರ್‌ನಲ್ಲಿ ವೋಟಾಯ್ತು, ಆಗಲ್ಲ ಅಂತ ತೀರ್ಮಾನ ಬಂತು. ಹುಡುಗ್ರು ಹೆಸರಿಸಿದ 10 ಕಂಪನಿಗಳಲ್ಲಿ ನಮ್ಮ ನೇರ ಹೂಡಿಕೆ ಇಲ್ಲ ಅನ್ನೋದು ಕೊಟ್ಟ ಕಾರಣಗಳಲ್ಲಿ ಒಂದು. ವೋಟಿಗೆ ಹಾಕಿದ್ದೇ ತಪ್ಪು ಅಂತ ಆ ಮಂಡಳಿಯ ಒಬ್ಬ ಟ್ರಸ್ಟಿ ಮೊದಲೇ ರಾಜೀನಾಮೆ ಕೊಟ್ಟಿದ್ರು, ವೋಟು ಬಿದ್ಮೇಲೆ ಹುಡುಗರಿಗೂ ಸಿಟ್ಟು. ಆದ್ರೂ ನನ್ನ ಮಟ್ಟಿಗೆ ಇದೇ ಮರ್ಯಾದೆಯ ಉತ್ತರ, ತಾರೀಕು ಹೇಳಿ ಆ ತಾರೀಕಿಗೆ ಕಾರಣ ಕೊಟ್ಟು "ಇಲ್ಲ" ಅನ್ನೋದು. ನಾಲ್ಕು ವರ್ಷ ಓದೋ ಹುಡುಗ್ರ ಮುಂದೆ ಕಮಿಟಿ ಮಾಡ್ತೀವಿ ಅಂತ ಹೇಳಿ ಬೇಸಿಗೆ ರಜೆ ಬರೋತನಕ ಎಳೆಯೋದು ಮೋಸ, ಅವ್ರು ಪಾಸಾಗಿ ಹೋಗ್ತಾರೆ ಫೈಲು ಅಲ್ಲೇ ಕೂತಿರತ್ತೆ.

ಹೂಡಿಕೆ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಗುಂಪಲ್ಲಿ ಒಬ್ರು "ಷೇರ್ ಮಾರೋಕೆ ಎಷ್ಟೊತ್ತು ಬೇಕು" ಅಂತ ಕೇಳಿದ್ರು. ದೊಡ್ಡ ಯೂನಿವರ್ಸಿಟಿಗಳ ಮೂಲನಿಧಿ, ಅಂದ್ರೆ ದಾನ ಬಂದದ್ದನ್ನ ಹೂಡಿಟ್ಟಿರೋ ದುಡ್ಡು, ನೂರಾರು ಕೋಟಿ ಡಾಲರ್ ಇರತ್ತೆ, ಅದರಲ್ಲಿ ಬಹುಪಾಲು ಹೊರಗಿನ ಫಂಡ್ ಮ್ಯಾನೇಜರ್‌ಗಳ ಕೈಲಿ, ಎಷ್ಟೋ ಫಂಡಿನಲ್ಲಿ ಹತ್ತಾರು ಹೂಡಿಕೆದಾರರ ದುಡ್ಡು ಕಲಸಿರತ್ತೆ, ಒಂದು ಕಂಪನಿ ಷೇರು ಮಾತ್ರ ಎತ್ತಿ ಹೊರಗೆ ಹಾಕೋಕೆ ಬರಲ್ಲ, ಫಂಡಿಂದಾನೇ ಹೊರಗೆ ಬರ್ಬೇಕು. ಇದು ನಿಜವಾದ ತೊಡಕು. ಆದ್ರೆ ಆಗೋದೇ ಇಲ್ಲ ಅನ್ನೋದು ಸುಳ್ಳು. ದಕ್ಷಿಣ ಆಫ್ರಿಕಾ ವರ್ಣಭೇದದ ವಿರುದ್ಧ 1985ರ ಏಪ್ರಿಲ್‌ನಲ್ಲಿ ಇದೇ ಕೊಲಂಬಿಯಾ ಮಕ್ಕಳು ಇದೇ ಹ್ಯಾಮಿಲ್ಟನ್ ಹಾಲ್ ಬಾಗಿಲಿಗೆ ಅಡ್ಡ ಕೂತಿದ್ರು, ಅಕ್ಟೋಬರ್‌ನಲ್ಲಿ ಟ್ರಸ್ಟಿಗಳು ಹೂಡಿಕೆ ವಾಪಸ್ ತೆಗೆಯೋಕೆ ಒಪ್ಪಿದ್ರು. ವಿಯೆಟ್ನಾಂ ಕಾಲದಲ್ಲಿ 1968ರಲ್ಲಿ ಅಲ್ಲೇ ಸುಮಾರು 700 ಜನ ಅರೆಸ್ಟ್ ಆಗಿದ್ರು, ಯುದ್ಧ ಸಂಶೋಧನೆಯ ಸಂಸ್ಥೆ ಜೊತೆಗಿನ ನಂಟು ಆಮೇಲೆ ಬಿಟ್ರು. ಐರ್ಲೆಂಡ್‌ನಲ್ಲಿರೋ ನಮ್ಮೋರಿಗೆ ಗೊತ್ತಿರತ್ತೆ, ಡಬ್ಲಿನ್ ಟ್ರಿನಿಟಿ ಕಾಲೇಜು 2024 ಮೇನಲ್ಲಿ ಒಂದು ವಾರ ತುಂಬೋದ್ರೊಳಗೆ ಮಾತಾಡಿ ಮುಗಿಸ್ತು, ಆಕ್ರಮಿತ ಪ್ಯಾಲೆಸ್ತೀನಿ ಜಾಗದಲ್ಲಿ ವ್ಯವಹಾರ ಮಾಡ್ತಾವೆ ಅಂತ ವಿಶ್ವಸಂಸ್ಥೆ ಮಾಡಿದ ಪಟ್ಟಿಯಲ್ಲಿರೋ ಇಸ್ರೇಲಿ ಕಂಪನಿಗಳಿಂದ ದುಡ್ಡು ತೆಗೀತೀವಿ ಅಂತ ಒಪ್ಕೊಂಡ್ರು, ಪೊಲೀಸ್ ಕರೆಸಿ ಟೆಂಟ್ ಎಬ್ಬಿಸ್ಲಿಲ್ಲ.

ಇನ್ನು ಶಿಕಾಗೋ ಯೂನಿವರ್ಸಿಟಿ. ಅಲ್ಲಿ 1967ರ ಕಾಲ್ವೆನ್ ವರದಿ ಅಂತ ಇದೆ, ಯೂನಿವರ್ಸಿಟಿ ತಾನಾಗಿ ರಾಜಕೀಯದಲ್ಲಿ ಯಾವ ಪಕ್ಷಾನೂ ಹಿಡಿಯಬಾರ್ದು, ಮಾತಾಡೋದು ಅಧ್ಯಾಪಕರು ವಿದ್ಯಾರ್ಥಿಗಳ ಕೆಲಸ ಅಂತ. ಅದನ್ನೇ ಹೇಳಿ ಬೇಡಿಕೆ ಒಪ್ಪಲಿಲ್ಲ, ಮೇ 7ಕ್ಕೆ ಟೆಂಟ್ ತೆಗೆಸಿದ್ರು. ನನಗೆ ಪೂರ್ತಿ ಸರಿ ಅನ್ಸಲ್ಲ, ಆದ್ರೆ ನಿಯಮ ಮೊದಲೇ ಗೊತ್ತಿತ್ತು.

ಬರೆದುಕೊಟ್ಟದ್ದೂ ಎಷ್ಟು ದಿನ ನಿಲ್ಲತ್ತೆ ಅನ್ನೋದು ಈಗ ನೋಡಿದ್ವಿ. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯಲ್ಲಿ 2024 ಏಪ್ರಿಲ್ 29ಕ್ಕೆ ಹುಡುಗರ ಜೊತೆ ಒಪ್ಪಂದ ಆಗಿತ್ತು, ಹೂಡಿಕೆ ಬಗ್ಗೆ ಸಲಹಾ ಸಮಿತಿ, ಪ್ಯಾಲೆಸ್ತೀನಿ ವಿದ್ಯಾರ್ಥಿಗಳಿಗೆ ಓದೋ ಖರ್ಚು, ಎಲ್ಲಾ ಸಹಿ ಸಮೇತ. ಮುಂದಿನ ತಿಂಗಳೇ ಅಧ್ಯಕ್ಷರನ್ನ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಕರೆಸಿ ಯಾಕೆ ಒಪ್ಪಿದ್ರಿ ಅಂತ ಜಾಡಿಸಿದ್ರು, 2025 ನವೆಂಬರ್‌ನಲ್ಲಿ ಸರ್ಕಾರದ ಜೊತೆ ರಾಜಿಯಾಗಿ 7.5 ಕೋಟಿ ಡಾಲರ್ ಕಟ್ಟೋಕೆ ಒಪ್ಕೊಂಡು ಆ ಒಪ್ಪಂದಾನೇ ರದ್ದು ಮಾಡಿದ್ರು. ಇದನ್ನ ಅಪ್ಪಂಗೆ ಹೇಳ್ದಾಗ ಸುಮಾರು ಹೊತ್ತು ಸುಮ್ಮನಿದ್ದು, "ಹಂಗಾರೆ ಹುಡುಗ್ರ ಹತ್ರ ಮಾತಾಡಿದೋರ ಕೈಯಾಗೆ ಏನೂ ಇರ್ಲಿಲ್ಲ ಅಂದಂಗಾತು" ಅಂದ್ರು. ನನಗೆ ತುಂಬಾ ನೋವಾಗೋದು ಇದೇ.

ಯೆಹೂದಿ ಮಕ್ಕಳ ಬಗ್ಗೆನೂ ಹೇಳ್ಲೇಬೇಕು. 2023 ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1200 ಜನ ಸತ್ರು, ಅದರ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನ, ಅದ್ರಲ್ಲಿ ಎಷ್ಟು ಮಕ್ಕಳು. ಮಗಳ ರೂಮ್‌ಮೇಟ್ ಯೆಹೂದಿ ಹುಡುಗಿ, ಕೆಲವು ಘೋಷಣೆ ಕೇಳಿ ಆ ಕಡೆ ಹಾದುಹೋಗೋಕೇ ಹೆದರ್ತಿದ್ಲು, ಇವಳೇ ಜೊತೆಗೆ ಕರ್ಕೊಂಡು ಹೋಗ್ತಿದ್ಲು. ಆ ಹುಡುಗಿ ಭಯಕ್ಕೂ ಉತ್ತರ ಕೊಡೋದು ಕಾಲೇಜಿನ ಜವಾಬ್ದಾರಿನೇ.

ಊರಿಂದ ಎಂಎಸ್‌ಗೆ ಹೋಗೋ ಮಕ್ಕಳದ್ದು ಮಾತ್ರ ಬೇರೆ ಮಾತು. ನಮ್ಮ ಅಣ್ಣನ ಮಗ ಇಲ್ಲಿ ಇಂಜಿನಿಯರಿಂಗ್ ಮುಗಿಸಿ ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಓಡಾಡ್ತಿದಾನೆ. 2025 ಮಾರ್ಚ್‌ನಲ್ಲಿ ಕೊಲಂಬಿಯಾದಲ್ಲಿ ಪಿಎಚ್‌ಡಿ ಮಾಡ್ತಿದ್ದ ನಮ್ಮ ದೇಶದ ಒಬ್ಬ ಹೆಣ್ಣುಮಗಳು ವೀಸಾ ರದ್ದಾಗಿ ಓದು ಅರ್ಧಕ್ಕೆ ಬಿಟ್ಟು ಕೆನಡಾಗೆ ಹೋಗ್ಬೇಕಾಯ್ತು. ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳೋರು ಸೋಶಿಯಲ್ ಮೀಡಿಯಾ ಖಾತೆಗಳನ್ನ ಪಬ್ಲಿಕ್ ಇಡ್ಬೇಕು ಅಂತಾನೂ ಮಾಡಿದಾರೆ. ಸಿಟಿಜನ್ ಆಗಿರೋ ನನ್ನ ಮಗಳಿಗೆ ಸಸ್ಪೆನ್ಷನ್ ಅಂದ್ರೆ ಒಂದು ಸೆಮಿಸ್ಟರ್ ನಷ್ಟ, ಅವನಿಗೆ ಅಂದ್ರೆ ವಿಮಾನ ಹತ್ತೋದೇ. ಅವನಿಗೆ ನಾನೇ ಕೂರಿಸ್ಕೊಂಡು ಹೇಳಿದೀನಿ, ನಿನಗೆ ಅನ್ನಿಸಿದ್ದು ತಪ್ಪಲ್ಲ, ಆದ್ರೆ ಕ್ಯಾಂಪಸ್ ನಿಯಮ ಮೀರೋ ಯಾವುದಕ್ಕೂ ನಿಲ್ಬೇಡ ಅಂತ. ಹೇಳೋವಾಗ ನನಗೇ ಸಂಕಟ ಆಯ್ತು.

"ಹೊರದೇಶದಲ್ಲಿ ಇದೆಲ್ಲ ನಮಗ್ಯಾಕೆ" ಅನ್ನೋರಿಗೆ ಒಂದು ಮಾತು. ಇದೇ ದಾವಣಗೆರೆಯಲ್ಲಿ 2024ರಲ್ಲಿ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನ ಅರ್ಧ ಸೀಟನ್ನ ಪೇಮೆಂಟ್ ಕೋಟಾ ಮಾಡಿದ್ದಕ್ಕೆ ಹುಡುಗ್ರು ಬೀದಿಗಿಳಿದಾಗ ನಾವೆಲ್ಲ ಹೊರದೇಶದಿಂದಾನೇ ಫೋಟೋ ಹಂಚಿ ಭೇಷ್ ಅಂದಿದ್ವಿ. ನಮ್ಮ ಮನೆ ಮಕ್ಕಳಿಗೆ ಮಾತ್ರ ಬಾಯಿ ಮುಚ್ಕೊಂಡಿರು ಅಂತ ಹೆಂಗೆ ಹೇಳೋದು?

ಮಗಳ ಕೇಸು ಕೊನೆಗೆ ಒಂದು ಎಚ್ಚರಿಕೆ ಪತ್ರದಲ್ಲಿ ಮುಗೀತು, ಆದ್ರೆ ವಿಚಾರಣೆಗೆ ಮೊದಲೇ ಊಟ ನಿಲ್ಸಿದ್ದನ್ನ ನಾನು ಮರೆತಿಲ್ಲ.

ಹಂಗಾಗಿ ಕೇಳಿದ ಸಾರ್‌ಗೆ ಹೇಳೋದಿಷ್ಟು. ಲಿಸ್ಟಿಂದ ಯಾವ್ದನ್ನೂ ತೆಗೀಬೇಡಿ ಈಗಲೇ. ಒಂದೊಂದು ಕಾಲೇಜಿನ ಶಿಸ್ತು ನಿಯಮದ ಪುಟ ತೆಗೆದು, ವಿಚಾರಣೆಗೆ ಮೊದಲೇ ಸಸ್ಪೆಂಡ್ ಮಾಡೋ ಅಧಿಕಾರ ಯಾರಿಗಿದೆ, ಹಂಗೆ ಮಾಡಿದ್ರೆ ಹಾಸ್ಟೆಲ್ ಊಟ ಉಳಿಯತ್ತಾ, ಮೇಲ್ಮನವಿಗೆ ಎಷ್ಟು ದಿನ, ಟೆಂಟ್ ಹಾಕೋಕೆ ಧ್ವನಿವರ್ಧಕಕ್ಕೆ ಜಾಗ ಹೊತ್ತು ಏನು, ಇದನ್ನ ಮಗನ ಜೊತೆ ಕೂತು ಓದಿ. 2024ರ ಬೇಸಿಗೆ ಆದ್ಮೇಲೆ ಬಹಳ ಕಡೆ ಈ ನಿಯಮಗಳು ಬಿಗಿಯಾಗಿದಾವೆ, ಹಳೇ ಪುಟ ನೋಡಬೇಡಿ. ಕ್ಯಾಂಪಸ್ ಟೂರಿಗೆ ಹೋದ್ರೆ ಟೂರ್ ಮಾಡಿಸೋ ಹುಡುಗರನ್ನೇ ಕೇಳಿ, ನಿಮ್ಮ ಕಡೆ ಏನಾಯ್ತು ಅಂತ, ಅವ್ರು ಬ್ರೋಷರಲ್ಲಿ ಇಲ್ಲದ್ದು ಹೇಳ್ತಾರೆ. ಯಾವ್ಯಾವ ಕಾಲೇಜಿಗೆ ಹಾಕಿದಾನೆ ಇಲ್ಲೇ ಬರೀರಿ, ಆ ಪುಟಗಳನ್ನ ಹೆಂಗೆ ಓದ್ಬೇಕು ಅಂತ ನನ್ನ ಮಗಳೇ ಅವನಿಗೆ ಫೋನಲ್ಲಿ ಹೇಳ್ತಾಳೆ, ಕೇಳಿದೀನಿ, ಒಪ್ಕೊಂಡಿದಾಳೆ.